ಉಳಿದದ್ದು ಮೂರೇ ರೇಸು: ಯೋಖೆನ್ ರಿಂಟ್ ಕಥೆ

ಫಾರ್ಮುಲಾ ಒನ್ ಸೀಸನ್ನಿನಲ್ಲಿ ಮೂರ್ನಾಲ್ಕು ರೇಸು ಬಾಕಿ ಉಳಿದವು ಅಂದ್ರೆ ಹಾಸ್ಟೆಲಿನಲ್ಲಿ ಲೆಕ್ಕ ಶುರು. ಇವನು ಗೆದ್ದು ಅವನು ನಾಲ್ಕನೆಯವನಾದರೆ ಏನಾಗ್ತದೆ, ಇಬ್ಬರದೂ ಸಮ ಆದರೆ ಯಾರು ಮೇಲೆ, ಹೀಗೆ. 1970ರ ಸೆಪ್ಟೆಂಬರಿನಲ್ಲೂ ಜಗತ್ತೆಲ್ಲ ಇದೇ ಲೆಕ್ಕ ಹಾಕ್ತಾ ಇತ್ತು. ಒಂದೇ ವ್ಯತ್ಯಾಸ. ಪಾಯಿಂಟ್ ಪಟ್ಟಿಯ ತುದಿಯಲ್ಲಿದ್ದವನು ಆಗಲೇ ತೀರಿಕೊಂಡಿದ್ದ. ಅವನೇ ಯೋಖೆನ್ ರಿಂಟ್.

ರಿಂಟ್ ಹುಟ್ಟಿದ್ದು 1942ರ ಏಪ್ರಿಲ್ 18ರಂದು, ಜರ್ಮನಿಯ ಮೈನ್ಸ್ ಊರಲ್ಲಿ. ಮನೆತನದ್ದು ಮಸಾಲೆ ಅರೆಯುವ ಗಿರಣಿ. ಮಗುವಿಗೆ ಇನ್ನೂ ಒಂದೂಕಾಲು ವರ್ಷ, ಆಗ ಹ್ಯಾಂಬರ್ಗ್ ಮೇಲೆ ಬಿದ್ದ ಬಾಂಬಿಗೆ ತಂದೆ ತಾಯಿ ಇಬ್ಬರೂ ಬಲಿಯಾದರು. ಆಸ್ಟ್ರಿಯಾದ ಗ್ರಾತ್ಸ್‌ನಲ್ಲಿದ್ದ ತಾಯಿಯ ತಂದೆ ತಾಯಿ ಅವನನ್ನು ಸಾಕಿದರು. ಅದಕ್ಕೇ ಜರ್ಮನ್ ಪ್ರಜೆಯಾದರೂ ಆತ ರೇಸಿಗೆ ಇಳಿದದ್ದು ಆಸ್ಟ್ರಿಯಾದ ಲೈಸೆನ್ಸಿನಲ್ಲಿ.

1964ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನ ಫಾರ್ಮುಲಾ ಟೂ ರೇಸಿನಲ್ಲಿ ಈ ಅಪರಿಚಿತ ಹುಡುಗ ಗ್ರಹಾಂ ಹಿಲ್‌ನನ್ನೇ ಹಿಂದೆ ಹಾಕಿದ. ಮರುವರ್ಷ ಮಾಸ್ಟನ್ ಗ್ರೆಗರಿ ಜತೆ ಫೆರಾರಿ ಓಡಿಸಿ ಲ ಮಾನ್ 24 ತಾಸಿನ ರೇಸ್ ಗೆದ್ದ. ಆದರೆ ಫಾರ್ಮುಲಾ ಒನ್‌ನಲ್ಲಿ ಮೊದಲ ಗೆಲುವಿಗೆ 1969ರ ಅಕ್ಟೋಬರ್‌ವರೆಗೆ ಕಾಯಬೇಕಾಯ್ತು. ವೇಗಕ್ಕೆ ಕೊರತೆ ಇರಲಿಲ್ಲ. ಕೈಗೆ ಸಿಕ್ಕ ಕಾರುಗಳು ಕೊನೇತನಕ ತಾಳ್ತಿರಲಿಲ್ಲ.

1969ರಲ್ಲಿ ಆತ ಸೇರಿದ್ದು ಲೋಟಸ್ ತಂಡ. ಅದರ ಒಡೆಯ ಕಾಲಿನ್ ಚಾಪ್‌ಮನ್‌ಗೆ ತೂಕ ಇಳಿಸೋದೇ ಧ್ಯಾನ. ನಮ್ಮ ಮುಧೋಳದ ಬೇಟೆನಾಯಿ ನೋಡಿದವರಿಗೆ ಆ ತತ್ವ ಬಿಡಿಸಿ ಹೇಳಬೇಕಾಗಿಲ್ಲ: ಓಟಕ್ಕೆ ಬೇಡದ್ದು ಮೈಮೇಲೆ ಒಂದು ತೊಲವೂ ಇರಬಾರದು. ಆದರೆ ನಾಯಿಯ ಎಲುಬು ತಲೆಮಾರುಗಳ ಕಾಲ ಓಡಿ ಓಡಿ ಗಟ್ಟಿಯಾದದ್ದು. ಕಾರಿನ ಭಾಗಕ್ಕೆ ಅಷ್ಟು ಪುರುಸೊತ್ತು ಎಲ್ಲಿಯದು? ಆ ವರ್ಷವೇ ಸ್ಪೇನಿನಲ್ಲಿ ಎತ್ತರದ ರೆಕ್ಕೆ ಮುರಿದು ರಿಂಟ್ ಕಾರು ಹೋಗಿ ಗುದ್ದಿತು, ಮುಖಕ್ಕೆ ಪೆಟ್ಟಾಯ್ತು. ಕಾರು ಇಷ್ಟು ವೇಗ ಇರುವಾಗ ಸ್ವಲ್ಪ ತೂಕ ಹೆಚ್ಚಾದರೂ ಸರಿ, ದುರ್ಬಲ ಭಾಗಗಳನ್ನು ಗಟ್ಟಿ ಮಾಡು ಅಂತ ಆತ ಚಾಪ್‌ಮನ್‌ಗೆ ಪತ್ರ ಬರೆದ.

1970ರಲ್ಲಿ ಬಂದ ಲೋಟಸ್ 72 ಬೆಣೆಯಾಕಾರದ ಕಾರು. ರೇಡಿಯೇಟರ್ ಮೂತಿಯಿಂದ ಪಕ್ಕಕ್ಕೆ ಸರಿದಿತ್ತು. ಈ ಜಾತಿಯ ಕಾರಿನ ಗಾಲಿ ನಮ್ಮ ಚಕ್ಕಡಿ ಗಾಲಿಯ ಹಾಗೆ ಮೈಯಿಂದ ಹೊರಗೇ ಇರ್ತವೆ. ಚಾಪ್‌ಮನ್ ತಂಡ ಮುಂದಿನ ಬ್ರೇಕನ್ನು ಗಾಲಿಯಿಂದ ತೆಗೆದು ಒಳಗೆ, ಕಾರಿನ ಮೈಗೆ ಕೂರಿಸಿತು. ಗಾಲಿಯ ಜತೆ ಮೇಲೆ ಕೆಳಗೆ ಕುಣಿಯುವ ತೂಕ ಕಡಿಮೆಯಾದರೆ ಟೈರು ನೆಲ ಬಿಡೋದಿಲ್ಲ. ಆದರೆ ಈಗ ಬ್ರೇಕಿನ ಬಲವೆಲ್ಲ ಗಾಲಿಗೆ ಮುಟ್ಟಬೇಕಾದದ್ದು ಒಂದು ಟೊಳ್ಳು ಶಾಫ್ಟಿನ ಮೂಲಕ. ಚಕ್ಕಡಿಗೆ ಕಡಾಣಿ ಹೇಗೋ, ಇದಕ್ಕೆ ಆ ಶಾಫ್ಟ್ ಹಾಗೆ.

ಮೊನಾಕೊ ರೇಸನ್ನು ಆತ ಹಳೇ ಲೋಟಸ್ 49ರಲ್ಲೇ ಗೆದ್ದ. ಮುಂದಿದ್ದ ಜ್ಯಾಕ್ ಬ್ರಾಬಮ್ ಕೊನೇ ಸುತ್ತಿನ ಕೊನೇ ತಿರುವಿನಲ್ಲಿ ಜಾರಿದ. ಆಮೇಲೆ 72ರಲ್ಲಿ ನೆದರ್ಲೆಂಡ್ಸ್, ಫ್ರಾನ್ಸ್, ಬ್ರಿಟನ್, ಜರ್ಮನಿ, ಸಾಲಾಗಿ ನಾಲ್ಕು ಗೆಲುವು. ನೆದರ್ಲೆಂಡ್ಸ್ ರೇಸಿನಲ್ಲೇ ಗೆಳೆಯ ಪಿಯರ್ಸ್ ಕರೇಜ್ ಬೆಂಕಿಗೆ ಬಲಿಯಾದ. ಗೆಲುವಿಗೆ 9 ಪಾಯಿಂಟಿನಂತೆ ಐದಕ್ಕೆ 45.

ಸೆಪ್ಟೆಂಬರ್ 5, ಇಟಲಿಯ ಮೊಂಜಾದಲ್ಲಿ ಅಭ್ಯಾಸದ ದಿನ. ನೇರ ರಸ್ತೆಯಲ್ಲಿ ಇನ್ನಷ್ಟು ವೇಗ ಸಿಗಲಿ ಅಂತ ರೆಕ್ಕೆ ಬಿಚ್ಚಿದ್ದರು. ಪ್ಯಾರಾಬೋಲಿಕಾ ತಿರುವಿಗೆ ಮುನ್ನ ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆದು ತಡೆಗೋಡೆಗೆ ಗುದ್ದಿತು. ಬೆಂಕಿ ಬಿದ್ದರೆ ಬೇಗ ಹೊರಬರಬೇಕು ಅಂತ ರಿಂಟ್ ತೊಡೆಸಂದಿನ ಪಟ್ಟಿ ಕಟ್ಟಿಕೊಳ್ತಿರಲಿಲ್ಲ. ಗುದ್ದಿದ ರಭಸಕ್ಕೆ ಮೈ ಕೆಳಗೆ ಜಾರಿ, ಬೆಲ್ಟಿನ ಕೊಂಡಿಯೇ ಕೊರಳಿಗೆ ಮುಳುವಾಯ್ತು. ಆಗ ವಯಸ್ಸು 28. ತನಿಖೆಯಲ್ಲಿ ಬ್ರೇಕ್ ಶಾಫ್ಟ್ ಮುರಿದದ್ದು ಕಂಡುಬಂತು. ಜೀವ ಹೋಗಲು ಸರಿಯಾಗಿ ಕೂರಿಸದ ತಡೆಗೋಡೆ ಕಾರಣ ಅಂತಲೂ ತೀರ್ಮಾನವಾಯ್ತು.

ಮೊಂಜಾ ರೇಸು ಮುಗಿದಾಗ ಉಳಿದದ್ದು ಕೆನಡಾ, ಅಮೆರಿಕ, ಮೆಕ್ಸಿಕೊ. ಹೆಚ್ಚೆಂದರೆ 27 ಪಾಯಿಂಟ್. ಬ್ರಾಬಮ್, ಸ್ಟೀವರ್ಟ್ ತಲಾ 25, ಹಲ್ಮ್ 23, ರೆಗಜೋನಿ 21, ಫೆರಾರಿಯ ಜ್ಯಾಕಿ ಇಕ್ಸ್ 19. ಕಾಗದದ ಮೇಲೆ ಐವರಿಗೂ ದಾರಿ ಇತ್ತು. ಇಕ್ಸ್ ಮೂರನ್ನೂ ಗೆದ್ದರೆ ಮಾತ್ರ 46. ದುಃಖದಲ್ಲಿದ್ದ ಲೋಟಸ್ ತಂಡ ಕೆನಡಾಕ್ಕೆ ಹೋಗಲೇ ಇಲ್ಲ. ಅಲ್ಲಿ ಇಕ್ಸ್ ಗೆದ್ದ, ರೆಗಜೋನಿ ಎರಡನೆಯವನು. ಬ್ರಾಬಮ್, ಸ್ಟೀವರ್ಟ್, ಹಲ್ಮ್ ದಾರಿ ಮುಚ್ಚಿತು. ಉಳಿದೆರಡನ್ನೂ ಗೆದ್ದರೆ ರೆಗಜೋನಿಗೂ 45 ಆಗ್ತಿತ್ತು, ಆದರೆ ಗೆಲುವಿನ ಎಣಿಕೆಯಲ್ಲಿ ಐದಕ್ಕೆ ಮೂರು. ಅಂದ್ರೆ ರಿಂಟ್‌ನನ್ನು ದಾಟಬಲ್ಲವನು ಇಕ್ಸ್ ಒಬ್ಬನೇ.

ಅಕ್ಟೋಬರ್ 4, ಅಮೆರಿಕದ ವಾಟ್ಕಿನ್ಸ್ ಗ್ಲೆನ್. ಲೋಟಸ್ ವಾಪಸ್ ಬಂದಿತ್ತು. ಇಂಧನದ ಕೊಳವೆ ಸೋರಿ ಇಕ್ಸ್ ಪಿಟ್ಟಿಗೆ ಬರಬೇಕಾಯ್ತು; ಕಡೆಗೆ ನಾಲ್ಕನೇ ಸ್ಥಾನ. ಗೆದ್ದವನು ರಿಂಟ್ ತಂಡದ ಹೊಸ ಹುಡುಗ, 23ರ ಎಮರ್ಸನ್ ಫಿಟ್ಟಿಪಾಲ್ಡಿ. ಅದು ಅವನ ನಾಲ್ಕನೇ ಫಾರ್ಮುಲಾ ಒನ್ ರೇಸು. ಮೆಕ್ಸಿಕೊ ಗೆದ್ದರೂ ಇಕ್ಸ್ 40ಕ್ಕೇ ನಿಂತ. ತೀರಿಹೋದವನ ಕೈಯಿಂದ ಪಟ್ಟ ಕಸಿಯಲಿಲ್ಲ ಅನ್ನೋದೇ ಸಮಾಧಾನ ಅಂತ ಮುಂದೆ ಆತ ಹೇಳಿಕೊಂಡ. ಟ್ರೋಫಿಯನ್ನು ಪ್ಯಾರಿಸ್‌ನಲ್ಲಿ ಹೆಂಡತಿ ನೀನಾ ಪಡೆದಳು. ಮರಣಾನಂತರ ವಿಶ್ವ ಚಾಂಪಿಯನ್ ಆದವನು ಫಾರ್ಮುಲಾ ಒನ್‌ನಲ್ಲಿ ಇವತ್ತಿಗೂ ರಿಂಟ್ ಒಬ್ಬನೇ.

ನಮ್ಮಲ್ಲೂ ಬಾಹಾ, ಫಾರ್ಮುಲಾ ಭಾರತ್ ಅಂತ ರಾತ್ರಿ ಹಗಲು ವರ್ಕ್‌ಶಾಪಿನಲ್ಲಿರುವ ಗೆಳೆಯರಿದ್ದಾರೆ. ಇನ್ನೂ ಇನ್ನೂರು ಗ್ರಾಂ ತೆಗೀಬಹುದು ಅನ್ನೋ ಮಾತು ಅಲ್ಲಿ ದಿನಾ ಬರ್ತದೆ. ತೆಗೀರಿ, ತಪ್ಪಿಲ್ಲ. ಆದರೆ ಆ ಭಾಗ ಮುರಿದರೆ ಒಳಗೆ ಕೂತವನಿಗೆ ಏನಾಗ್ತದೆ ಅಂತ ಒಂದು ಸಲ ಕೇಳಿಕೊಂಡು ತೆಗೀರಿ.