ಮಂಗಳೂರಿನ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು

ಉತ್ತರ ಆಫ್ರಿಕದ ಮಹದಿಯಾ ಪಟ್ಟಣದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಸುಮಾರಿಗೆ ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ನೆಲೆಸಿದನು. ಮೆಣಸು, ಅಡಕೆಗಳನ್ನು ಹಡಗೇರಿಸಿದನು. ಏಡನ್ನಿನಿಂದ ಬಂದ ಹಳೆಯ ಕಂಚನ್ನು ಕರಗಿಸಿ ಹೊಸ ಪಾತ್ರೆಗಳನ್ನು ಎರಕ ಹೊಯ್ಯಿಸಿದನು. ಅವನ ಕಾಗದಪತ್ರಗಳು ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದವು.

ಯಹೂದಿ ಧರ್ಮವು ಮೂಲಪುರುಷ ಅಬ್ರಹಾಮನು ದೇವರೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿ ತನ್ನ ಉಗಮವನ್ನು ಕಾಣುತ್ತದೆ. ಆತನ ಸಂತತಿಯವರು ಈಜಿಪ್ಟಿನಲ್ಲಿ ದಾಸರಾಗಿದ್ದು ಮೋಶೆಯ ಮುಂದಾಳುತನದಲ್ಲಿ ಬಿಡುಗಡೆ ಹೊಂದಿದರೆಂಬ ನೆನಪೇ ಅದರ ನೀತಿಗೆ ತಳಹದಿ. ದಾಸ್ಯದ ನೋವನ್ನು ಬಲ್ಲವರು ಪರದೇಶಿಯನ್ನು ಪೀಡಿಸಬಾರದೆಂಬುದು ಅದರ ವಿಧಿ.

ಆ ನೆನಪನ್ನು ಹೊತ್ತ ಬೆನ್ ಯಿಜು 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಗೆ ಮಂಗಳೂರಿನಲ್ಲಿ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಆಶೀರ್ವಾದವೆಂಬ ಅರ್ಥದ ಬೆರಾಖಾ ಆಕೆಯ ಹೊಸ ಹೆಸರಾಯಿತು. ಆಕೆಯನ್ನೇ ಅವನು ವರಿಸಿದನೆಂದೂ ಅವನ ಮಕ್ಕಳು ಆಕೆಯವರೆಂದೂ ವಿದ್ವಾಂಸರ ಮತ. ಆದರೂ ದಾಸರನ್ನು ಇರಿಸಿಕೊಳ್ಳುವ ಪದ್ಧತಿಯನ್ನು ಅವನು ತೊರೆಯಲಿಲ್ಲ; ಬೊಮ್ಮನೆಂಬ ದಾಸನು ಅವನ ವ್ಯಾಪಾರಕಾರ್ಯಕ್ಕಾಗಿ ಏಡನ್‌ವರೆಗೂ ಹೋಗಿಬಂದನು. ಧರ್ಮದ ನೆನಪು ಅವನಲ್ಲಿ ಒಬ್ಬಳನ್ನು ಬಿಡಿಸಿತು, ಎಲ್ಲರನ್ನಲ್ಲ.

1148ರಲ್ಲಿ ನಾರ್ಮನ್ನರು ಮಹದಿಯಾವನ್ನು ವಶಪಡಿಸಿಕೊಂಡರು. ಅವನ ಬಂಧುಗಳು ದಿಕ್ಕೆಟ್ಟರು. 1149ರಲ್ಲಿ ಏಡನ್ನಿಗೆ ಮರಳಿದ ಬೆನ್ ಯಿಜು ತನ್ನ ಗಳಿಕೆಯನ್ನು ಅವರೊಡನೆ ಹಂಚಿಕೊಳ್ಳಲು ಮುಂದಾದನು. 1156ರಲ್ಲಿ ಅವನ ಮಗಳು ಸೋದರನ ಮಗನನ್ನು ಮದುವೆಯಾದಳು. ದಾಸ್ಯದಿಂದ ಬಿಡುಗಡೆಗೊಂಡವಳ ಕುಡಿ ಆ ಮನೆತನದ ಸೊಸೆಯೂ ಆದಳು.