ಗಲಿವರ್ ಕಥೆ ಬರೆದ ಸ್ವಿಫ್ಟ್‌ಗೆ ಹುಚ್ಚು ಹಿಡಿದಿತ್ತಾ? ಕಾಯಿಲೆ ಇದ್ದದ್ದು ಕಿವಿಯಲ್ಲಿ!

ಗೇಣುದ್ದದ ಮನುಷ್ಯರ ನಾಡಿಗೆ ಹೋದ ಗಲಿವರನ ಕಥೆ ನಮಗೆಲ್ಲ ಗೊತ್ತು. ಅದನ್ನು ಬರೆದ ಜೋನಾಥನ್ ಸ್ವಿಫ್ಟ್ ಬಗ್ಗೆ ಇನ್ನೊಂದು ಕಥೆಯೂ ಬಹಳ ಕಾಲದಿಂದ ಓಡಾಡುತ್ತಿದೆ: ಅವರು ಮೊದಲಿನಿಂದಲೂ ಅರೆಹುಚ್ಚ, ಕೊನೆಗೆ ಪೂರ್ತಿ ಹುಚ್ಚನಾಗಿ ಸತ್ತರು ಅಂತ. ಆದರೆ ಅವರನ್ನು ಐವತ್ತು ವರ್ಷ ಕಾಡಿದ್ದು ಒಳಗಿವಿಯ ಕಾಯಿಲೆ.

ಸ್ವಿಫ್ಟ್ ಹುಟ್ಟಿದ್ದು 1667ರಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅಷ್ಟರಲ್ಲೇ ತಂದೆ ತೀರಿಕೊಂಡಿದ್ದರು. ಇಪ್ಪತ್ತು ದಾಟಿದ ಮೇಲೆ ಇಂಗ್ಲೆಂಡಿಗೆ ಹೋಗಿ ಸರ್ ವಿಲಿಯಂ ಟೆಂಪಲ್ ಎಂಬ ರಾಜತಾಂತ್ರಿಕರ ಬಳಿ ಕಾರ್ಯದರ್ಶಿಯಾದರು. ತಲೆಸುತ್ತು ಅಂಟಿಕೊಂಡಿದ್ದು ಆ ವಯಸ್ಸಿನಲ್ಲೇ. ಒಂದೇ ಸಲಕ್ಕೆ ನೂರು ಸೇಬು ತಿಂದದ್ದೇ ಇದಕ್ಕೆ ಕಾರಣ ಅಂತ ಅವರು ನಂಬಿದ್ದರು! ಕೆಲವು ವರ್ಷಗಳ ಮೇಲೆ ಕಿವಿ ಮಂದವಾಯಿತು. ಅದಕ್ಕೆ ಹೊರಗೆ ಕೂತು ಓದುತ್ತಾ ನಿದ್ದೆ ಮಾಡಿದ್ದು ಕಾರಣ ಅಂದುಕೊಂಡರು. ಎರಡೂ ಬೇರೆ ಬೇರೆ ಕಾಯಿಲೆ ಅನ್ನೋದು ಅವರ ಲೆಕ್ಕ. ಹಣ್ಣೆಂದರೆ ಪ್ರಾಣ, ಆದರೂ ಜೀವನವಿಡೀ ಹೆದರಿ ಹೆದರಿ ತಿಂದರು. ನಮ್ಮ ಮನೆಗಳಲ್ಲಿ ತಲೆಸುತ್ತು ಅಂದಕೂಡಲೇ ಪಿತ್ತ ಅಂತ ಪಥ್ಯ ಶುರುಮಾಡ್ತೀವಲ್ಲ, ಹಾಗೇ.

ಅಸಲಿಗೆ ಕೇಳಿಸಿಕೊಳ್ಳುವುದೂ ದೇಹದ ಸಮತೋಲನ ಕಾಯುವುದೂ ಒಳಗಿವಿಯದೇ ಕೆಲಸ. ಎರಡೂ ಭಾಗಗಳಲ್ಲಿ ಒಂದೇ ದ್ರವ ತುಂಬಿರುತ್ತದೆ. ಆ ದ್ರವ ಹೆಚ್ಚಾಗಿ ಒತ್ತಡ ಬಿದ್ದಾಗ ಸುತ್ತಲಿನ ಕೋಣೆಯೇ ಗಿರಗಿರ ತಿರುಗಿದಂತಾಗಿ ವಾಂತಿ ಬರುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಕೇಳಿಸುವುದು ಕಡಿಮೆಯಾಗುತ್ತದೆ. ಇಪ್ಪತ್ತು ನಿಮಿಷದಿಂದ ಹಲವು ಗಂಟೆ ಹೀಗೇ ಇದ್ದು ಹೋಗುತ್ತದೆ. ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಇದೇ ಮೆನಿಯೇರ್ ಕಾಯಿಲೆ.

1713ರಲ್ಲಿ ಸ್ವಿಫ್ಟ್ ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್, ಅಂದರೆ ಮುಖ್ಯ ಪಾದ್ರಿ ಆದರು. 1726ರಲ್ಲಿ ಗಲಿವರ್ ಪ್ರಕಟವಾಗಿ ಹೆಸರು ಎಲ್ಲೆಡೆ ಹಬ್ಬಿತು. ಮರುವರ್ಷ ಇಂಗ್ಲೆಂಡಿನಲ್ಲಿ ಆಪ್ತ ಗೆಳೆಯ, ಕವಿ ಅಲೆಕ್ಸಾಂಡರ್ ಪೋಪ್ ಮನೆಯಲ್ಲಿ ಉಳಿದಿದ್ದಾಗ ತಲೆಸುತ್ತು, ಕಿವುಡು ಎರಡೂ ಒಟ್ಟಿಗೆ ಬಂದವು. ಪೋಪ್ ಕೂಡ ರೋಗಿಷ್ಟ, ಅವರದು ಕ್ಷೀಣ ದನಿ. ಎದುರಿಗೆ ಕೂತ ಗೆಳೆಯನ ಮಾತೇ ಕೇಳಿಸದಿದ್ದರೆ ಹೇಗೆ? ಭಾರವಾಗಿ ಇರಲಾರದೆ ಸ್ವಿಫ್ಟ್ ಆ ಮನೆ ಬಿಟ್ಟು ಲಂಡನ್ನಿನ ಬಂಧುಗಳ ಮನೆಗೆ ಹೊರಟರು. ಮುಂದೆಯೂ ಹಾಗೇ ಆಯಿತು. ಕಿವಿ ಕೈಕೊಟ್ಟ ದಿನಗಳಲ್ಲಿ ಮನೆಗೆ ಬಂದವರನ್ನು ನೋಡುತ್ತಿರಲಿಲ್ಲ, ಊಟದ ಕರೆಗೆ ಹೋಗುತ್ತಿರಲಿಲ್ಲ. ಮಾತಿನಿಂದಲೇ ಹೆಸರಾದವರಿಗೆ ಇದು ದೊಡ್ಡ ಶಿಕ್ಷೆ. ಮೈ ಗಟ್ಟಿಯಿರಲಿ ಅಂತ ದಿನವೂ ನಡೆಯುತ್ತಿದ್ದರು. ಮಳೆ ಬಂದರೆ ಮನೆಯ ಮೆಟ್ಟಿಲನ್ನೇ ಹತ್ತಿಳಿಯುತ್ತಿದ್ದರು. ಹೊರಗಿನವರ ಕಣ್ಣಿಗೆ ಇದೆಲ್ಲ ವಿಚಿತ್ರ, ಸಿಡುಕು!

ಎಪ್ಪತ್ತು ದಾಟಿದ ಮೇಲೆ ನೆನಪು, ಮಾತು ಕ್ಷೀಣಿಸಿದವು. 1742ರಲ್ಲಿ ಅವರ ವ್ಯವಹಾರ ನೋಡಿಕೊಳ್ಳಲು ಪಾಲಕರನ್ನು ನೇಮಿಸಿದರು. ಅದು ಮುಪ್ಪಿನ ಮಿದುಳಿನ ತೊಂದರೆ, ಹಳೆಯ ತಲೆಸುತ್ತಿನ ಮುಂದುವರಿಕೆಯಲ್ಲ. 1745ರಲ್ಲಿ ತೀರಿಕೊಂಡರು. ಆಸ್ತಿಯ ಬಹುಪಾಲನ್ನು ಮಾನಸಿಕ ರೋಗಿಗಳ ಆಸ್ಪತ್ರೆ ಕಟ್ಟಲು ಬರೆದಿಟ್ಟಿದ್ದರು. ಹುಚ್ಚಿನ ಕಥೆಗೆ ಅದೂ ಒಂದು ಸಾಕ್ಷಿಯಂತಾಯಿತು, ಪಾಪ.

1849ರಲ್ಲಿ ಡಬ್ಲಿನ್‌ನ ಕಣ್ಣು-ಕಿವಿ ವೈದ್ಯ ವಿಲಿಯಂ ವೈಲ್ಡ್ ಪುಸ್ತಕ ಬರೆದು ಸ್ವಿಫ್ಟ್ ಹುಚ್ಚರಾಗಿರಲಿಲ್ಲ ಎಂದು ವಾದಿಸಿದರು. 1861ರಲ್ಲಿ ಪ್ಯಾರಿಸ್‌ನ ಪ್ರಾಸ್ಪರ್ ಮೆನಿಯೇರ್ ಇಂಥ ತಲೆಸುತ್ತಿನ ಮೂಲ ಒಳಗಿವಿಯಲ್ಲಿದೆ ಎಂದು ತೋರಿಸಿದರು. ಅದಕ್ಕೂ ಮೊದಲು ಇದನ್ನು ಮಿದುಳಿನ ರೋಗ ಎಂದೇ ನೋಡುತ್ತಿದ್ದರು. ಸ್ವಿಫ್ಟ್ ಪತ್ರಗಳಲ್ಲಿ ಬರೆದಿಟ್ಟ ಲಕ್ಷಣಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ತಲೆಸುತ್ತಿನ ಜೊತೆ ಕಿವಿಯೂ ಮಂದವಾಗುತ್ತಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೆನಿಯೇರ್ ಪೂರ್ತಿ ವಾಸಿಯಾಗದಿದ್ದರೂ ಊಟದಲ್ಲಿ ಉಪ್ಪು ತಗ್ಗಿಸಿ, ಔಷಧಿ ಕೊಟ್ಟು ಹಿಡಿತದಲ್ಲಿಡಲು ನೋಡುತ್ತಾರೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ ಮಾತ್ರ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.