ಬಾಟಲಿಯೊಳಗೆ ಗಿಡ ಕಂಡ ಡಾಕ್ಟರ್

ಗಾಜಿನ ಜಾಡಿಯಲ್ಲಿ ಅಪರೂಪದ ಬೆಗೋನಿಯಾ ಬೆಳೆಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಮುಚ್ಚಳ ಬಿಗಿದರೆ ಮುಗೀತು, ಆಮೇಲೆ ಗಾಳಿಯೂ ಬೇಡ, ನೀರೂ ಬೇಡ ಅನ್ನೋ ಮಾತು ಅಲ್ಲಿ ಸಾಮಾನ್ಯ. ಇದು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯಲು ಟೆರೇರಿಯಂ ಕಂಡುಹಿಡಿದವರೆಂದು ಹೆಸರಾದ ಲಂಡನ್ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಅವರ ಕತೆ ಗೊತ್ತಿರಬೇಕು.

ವಾರ್ಡ್ ಹುಟ್ಟಿದ್ದು 1791ರಲ್ಲಿ. 13ನೇ ವಯಸ್ಸಿಗೇ ಹಡಗು ಹತ್ತಿ ಜಮೈಕಾಕ್ಕೆ ಹೋದ ಹುಡುಗನಿಗೆ ಅಲ್ಲಿನ ಹಸಿರು ಕಂಡು ಗಿಡಗಳ ಹುಚ್ಚು ಹಿಡಿಯಿತು. ಆದರೆ ಮುಂದೆ ಕೈಹಿಡಿದದ್ದು ತಂದೆಯ ವೈದ್ಯವೃತ್ತಿ. ಮನೆ ಇದ್ದದ್ದು ಬಂದರಿಗೆ ಹತ್ತಿರದ ಈಸ್ಟ್ ಎಂಡ್‌ನಲ್ಲಿ, ಸುತ್ತಲೂ ಕಲ್ಲಿದ್ದಲ ಹೊಗೆ. ಹಿತ್ತಿಲ ಗೋಡೆಯ ಮೇಲೆ ತೂತು ಕೊರೆದ ಪೈಪ್ ಇಟ್ಟು, ನೀರು ಹನಿಸಿ, ಜರೀಗಿಡ ಮತ್ತು ಹಾವಸೆ ಬೆಳೆಸಲು ನೋಡಿದರು. ನೀರು ಸಿಕ್ಕಿದರೂ ಹೊಗೆಗೆ ಗಿಡಗಳು ಸತ್ತವು.

1829ರಲ್ಲಿ ಅವರು ಪತಂಗದ ಕೋಶವೊಂದನ್ನು ಹಸಿ ಮಣ್ಣಿನಲ್ಲಿ ಹೂತು, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ್ದರು. ಕಾಯುತ್ತಿದ್ದದ್ದು ಪತಂಗ ಹೊರಬರುವುದನ್ನು, ಗಿಡವನ್ನಲ್ಲ! ಆದರೆ ಮಣ್ಣಿನಿಂದ ಒಂದು ಜರೀಗಿಡ, ಒಂದು ಹುಲ್ಲು ತಲೆಯೆತ್ತಿದವು. ಹಗಲಿನ ಬಿಸಿಗೆ ಮಣ್ಣಿನ ನೀರು ಆವಿಯಾಗಿ ಗಾಜಿಗೆ ಹನಿಕಟ್ಟಿ ಮತ್ತೆ ಕೆಳಗಿಳಿಯುವುದನ್ನು ವಾರ್ಡ್ ಗಮನಿಸಿದರು. ಬಾಟಲಿಯನ್ನು ಕಿಟಕಿಯ ಹೊರಗಿಟ್ಟರು. ನೀರೇ ಹಾಕದೆ ಆ ಎರಡೂ ಸುಮಾರು 4 ವರ್ಷ ಬದುಕಿದವು. ಸತ್ತದ್ದು ಬಾಯಾರಿಕೆಯಿಂದಲ್ಲ. ವಾರ್ಡ್ ಊರಲ್ಲಿಲ್ಲದಾಗ ತುಕ್ಕು ಹಿಡಿದ ಮುಚ್ಚಳದ ಮೂಲಕ ಮಳೆನೀರು ಒಳಗೆ ಹೋಗಿ ಕೊಳೆತವು.

ಜಾಡಿಯ ಬೆಗೋನಿಯಾಗಳಲ್ಲಿ ಹೆಚ್ಚಿನವು ಸಾಯುವುದೂ ಹೀಗೇ (ನನ್ನದೂ ಸೇರಿ). ಪಶ್ಚಿಮ ಘಟ್ಟದ ನೆರಳಿನ ತೇವದಲ್ಲೂ ಕಾಡು ಬೆಗೋನಿಯಾಗಳಿವೆ. ಅವುಗಳ ಎಲೆಗೆ ತೇವದ ಗಾಳಿ ಇಷ್ಟ, ಬೇರಿಗೆ ನಿಂತ ನೀರು ಆಗದು. ಗಾಜು ದಿನವಿಡೀ ಮಂಜಾಗಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ, ಸ್ವಲ್ಪ ಹೊತ್ತು ಮುಚ್ಚಳ ತೆಗೆಯಿರಿ. ನೇರ ಬಿಸಿಲಿಗಂತೂ ಇಡಲೇಬೇಡಿ, ಮುಚ್ಚಿದ ಗಾಜಿನೊಳಗೆ ಗಿಡ ಬೆಂದುಹೋಗುತ್ತದೆ.

ಇನ್ನು ಗಾಳಿಯ ಮಾತು. ಬೆಳಕಿದ್ದಾಗ ಗಿಡ ಕಾರ್ಬನ್ ಡೈಆಕ್ಸೈಡ್ ಹೀರಿ ಆಮ್ಲಜನಕ ಬಿಡುತ್ತದೆ. ಗಿಡದ ಉಸಿರಾಟ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಹಿಂದಿರುಗಿಸುತ್ತವೆ. ಹಾಗಾಗಿ ರಾತ್ರಿ ಉಸಿರುಗಟ್ಟಿ ಸಾಯುತ್ತದೆ ಎಂಬ ಭಯ ಬೇಡ. ಆದರೆ ವಾರ್ಡ್ ಪೆಟ್ಟಿಗೆಗಳು ಪೂರ್ತಿ ಗಾಳಿಯಾಡದಂಥವೂ ಆಗಿರಲಿಲ್ಲ. ಬಿಸಿಗೆ ಹಿಗ್ಗಿದ ಗಾಳಿ ಸಂದುಗಳಿಂದ ಹೊರಹೋಗಿ, ತಂಪಾದಾಗ ಹೊಸ ಗಾಳಿ ಒಳಬರುತ್ತಿತ್ತು. ಈ ತಪ್ಪುಕಲ್ಪನೆಯನ್ನು ಸ್ವತಃ ವಾರ್ಡ್ ತಿದ್ದಬೇಕಾಯಿತು. ಅಂದರೆ ಈ ಮಿಥ್‌ಗೆ ಪೆಟ್ಟಿಗೆಯಷ್ಟೇ ವಯಸ್ಸು!

ದೊಡ್ಡ ಪರೀಕ್ಷೆ ನಡೆದದ್ದು ಸಮುದ್ರದಲ್ಲಿ. ಆಗ ದೂರದ ಹಡಗು ಪ್ರಯಾಣದಲ್ಲಿ ಉಪ್ಪುನೀರಿನ ತುಂತುರು, ಸಿಹಿನೀರಿನ ಕೊರತೆಯಿಂದ ಬಹುತೇಕ ಗಿಡಗಳು ಸಾಯುತ್ತಿದ್ದವು. 1833ರಲ್ಲಿ ವಾರ್ಡ್ ಜರೀಗಿಡ, ಹುಲ್ಲುಗಳ 2 ಗಾಜಿನ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳಿಸಿದರು. ತಿಂಗಳುಗಳ ನಂತರವೂ ಗಿಡಗಳು ಹಸಿರಾಗಿದ್ದವು. ವಾಪಸ್ ಬರುವಾಗ ಅದೇ ಪೆಟ್ಟಿಗೆಗಳು ಆಸ್ಟ್ರೇಲಿಯಾದ ಗಿಡಗಳನ್ನು ತುಂಬಿಕೊಂಡು, ಕೇಪ್ ಹಾರ್ನ್‌ನ ಹಿಮ ಮತ್ತು ಸಮಭಾಜಕದ ಸೆಖೆ ಎರಡನ್ನೂ ದಾಟಿ 1834ರಲ್ಲಿ ಲಂಡನ್ ಮುಟ್ಟಿದವು.

ಸ್ಕಾಟ್ಲೆಂಡಿನ ಅಲನ್ ಮಕಾನಕಿ ಸುಮಾರು ದಶಕದ ಮೊದಲೇ ಇಂಥದ್ದೇ ಗಾಜಿನ ಪೆಟ್ಟಿಗೆ ಮಾಡಿದ್ದರು. ಆದರೆ ಅದನ್ನು ಪ್ರಕಟಿಸಿರಲಿಲ್ಲ. ವಾರ್ಡ್ 1842ರಲ್ಲಿ ಪುಸ್ತಕವನ್ನೇ ಬರೆದರು. ಹೊಗೆ ತುಂಬಿದ ಬೀದಿಗಳ ಬಡವರ ಮನೆಗೂ ಹಸಿರು ತಲುಪಲಿ ಎಂಬುದು ಅವರ ಆಸೆಯಾಗಿತ್ತು. ಆದರೆ 1845ರವರೆಗೂ ಬ್ರಿಟನ್ನಿನಲ್ಲಿ ಗಾಜಿನ ಮೇಲೆ ತೆರಿಗೆ ಇತ್ತು. ಪೆಟ್ಟಿಗೆ ಸೇರಿದ್ದು ಶ್ರೀಮಂತರ ಹಜಾರ.

ಇನ್ನೊಂದು ದಿಕ್ಕಿನಲ್ಲಿ ಅದು ಸೇರಿದ್ದು ಸಾಮ್ರಾಜ್ಯದ ಕೈ. ರಾಬರ್ಟ್ ಫಾರ್ಚೂನ್ ಚೀನಾದಿಂದ ಗುಟ್ಟಾಗಿ ಸಾಗಿಸಿದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೆ ಬಂದದ್ದು, 1876ರಲ್ಲಿ ರಬ್ಬರ್ ಸಸಿಗಳು ಲಂಡನ್ನಿನ ಕ್ಯೂ ಉದ್ಯಾನದಿಂದ ಶ್ರೀಲಂಕಾಕ್ಕೆ ಹೋದದ್ದು ಇದರಲ್ಲೇ. ಆದರೂ ಇದು ಮಂತ್ರದ ಪೆಟ್ಟಿಗೆಯಲ್ಲ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿನಿಂದ ನೀಲಗಿರಿಗೆ ತಂದ ಸಿಂಕೋನಾ ಸಸಿಗಳು ದಾರಿಯ ಬಿಸಿಗೆ ಬಾಡಿ ಉಳಿಯಲೇ ಇಲ್ಲ. ಮಣ್ಣಿನ ಜೊತೆ ಕೀಟ, ರೋಗಗಳೂ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದವು.

ವಾರ್ಡ್ 1868ರಲ್ಲಿ ತೀರಿಕೊಂಡರು. ದಕ್ಷಿಣ ಆಫ್ರಿಕಾದ ಒಂದು ಹಾವಸೆಯ ಕುಲಕ್ಕೆ ವಾರ್ಡಿಯಾ ಎಂಬ ಹೆಸರಿದೆ. ಅದು ಬೆಳೆಯುವುದು ಹರಿಯುವ ತೊರೆಗಳಲ್ಲಿ.